ಇ-ಕನ್ಸಲ್ಟ್: ಫ್ಯಾಮಿಲಿ ಡಾಕ್ಟರ್ ಕೇಳುವುದು, ಯೂರಾಲಜಿಸ್ಟ್ ಹೇಳುವುದು

ಮೂತ್ರದ ತೊಂದರೆಗಳ ಬಗ್ಗೆ ಕುಟುಂಬ ವೈದ್ಯರು ಯೂರಾಲಜಿಸ್ಟರಿಗೆ, ಅಂದರೆ ಮೂತ್ರರೋಗ ತಜ್ಞರಿಗೆ, ಕಂಪ್ಯೂಟರಿನಲ್ಲೇ ಬರೆದು ಸಲಹೆ ಪಡೆಯುವ ಇ-ಕನ್ಸಲ್ಟ್ ಪದ್ಧತಿಯ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ. ಕೇಳಿದವರಲ್ಲಿ ರೋಗಿಗಳ ಮನೆಯವರಿದ್ದಾರೆ, ವೈದ್ಯರೂ ಇದ್ದಾರೆ.

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪ್ರೋಟೀನು, ಏರಿದರೆ ಕ್ಯಾನ್ಸರ್ ಅನುಮಾನ) 5.8 ಬಂದಿದೆ. ಫ್ಯಾಮಿಲಿ ಡಾಕ್ಟರು "ಈಗಲೇ ಯೂರಾಲಜಿಸ್ಟ್ ಹತ್ತಿರ ಹೋಗುವುದು ಬೇಡ, ನಾನೇ ಅವರಿಗೆ ಬರೆದು ಕೇಳುತ್ತೇನೆ" ಅಂದಿದ್ದಾರೆ. ರೋಗಿಯನ್ನು ನೋಡದೆಯೇ ತಜ್ಞರು ಏನು ಹೇಳಬಲ್ಲರು?

ಉತ್ತರ: ಕೆಲವು ವಿಷಯಗಳಲ್ಲಿ ಬೇಕಾದಷ್ಟು ಹೇಳಬಲ್ಲರು, ಕೆಲವದರಲ್ಲಿ ಏನೂ ಹೇಳಲಾರರು. ಇದು ವಿಡಿಯೊ ಕರೆಯಲ್ಲ. ಇಲ್ಲಿ ರೋಗಿ ಮತ್ತು ತಜ್ಞರು ಮಾತಾಡುವುದೇ ಇಲ್ಲ. ನಿಮ್ಮ ಡಾಕ್ಟರು ಸುರಕ್ಷಿತ ತಂತ್ರಾಂಶದಲ್ಲಿ ಪ್ರಶ್ನೆ ಬರೆದು ವರದಿಗಳನ್ನು ಲಗತ್ತಿಸುತ್ತಾರೆ, ತಜ್ಞರು ಬಿಡುವಾದಾಗ ಓದಿ ಬರೆದು ಉತ್ತರಿಸುತ್ತಾರೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ, 2010ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಇಂಥ ವ್ಯವಸ್ಥೆಗಳು ಶುರುವಾದವು. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದದ್ದೇ ಅದಕ್ಕೆ ಮುಖ್ಯ ಕಾರಣ.

ಉತ್ತರ ಮೂರರಲ್ಲಿ ಒಂದು ಬಗೆಯದಾಗಿರುತ್ತದೆ: "ಹೀಗೆ ಮಾಡಿ, ಇಲ್ಲಿಗೆ ಬರಬೇಕಿಲ್ಲ", "ಇನ್ನೂ ಈ ಎರಡು ಪರೀಕ್ಷೆ ಮಾಡಿಸಿ ಮತ್ತೆ ಬರೆಯಿರಿ", ಇಲ್ಲವೇ "ಇವರನ್ನು ನಾನು ನೋಡಲೇಬೇಕು, ಕಳಿಸಿ". ಮೂರನೆಯದು ಬಂದರೂ ಸಮಯ ಹಾಳಾಯಿತೆಂದು ತಿಳಿಯಬೇಡಿ. ಬೇಕಾದ ಪರೀಕ್ಷೆಗಳೆಲ್ಲ ಅಷ್ಟರಲ್ಲಿ ಮುಗಿದಿರುತ್ತವೆ, ಮೊದಲ ಭೇಟಿಯಲ್ಲೇ ತೀರ್ಮಾನವಾಗುತ್ತದೆ.

ಯೂರಾಲಜಿಯ ಪ್ರಶ್ನೆಗಳಲ್ಲಿ ಬಹಳಷ್ಟು ಅಂಕಿಗಳ ಮೇಲೆ ನಿಂತಿರುತ್ತವೆ: ಪಿಎಸ್‌ಎ ಎಷ್ಟು, ಕಲ್ಲು ಎಷ್ಟು ಮಿಲಿಮೀಟರ್, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತು. ಅಂಕಿ ಸರಿಯಾಗಿದ್ದರೆ ಕಾಗದದ ಮೇಲೇ ಒಳ್ಳೆಯ ಸಲಹೆ ಕೊಡಬಹುದು. ಆದರೆ ಒಂದು ಕೆಲಸ ಮಾತ್ರ ನಿಮ್ಮ ಡಾಕ್ಟರ ಕೈಯಲ್ಲೇ ಆಗಬೇಕು. ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಮುಟ್ಟಿ ನೋಡುವುದು. ಗಟ್ಟಿ ಗಂಟು ಸಿಕ್ಕಿದರೆ ಪಿಎಸ್‌ಎ ಎಷ್ಟೇ ಇರಲಿ, ನೇರ ಭೇಟಿಯೇ ಆಗಬೇಕು.

ಪ್ರಶ್ನೆ: ಹಾಗಾದರೆ ಪಿಎಸ್‌ಎ ವಿಷಯದಲ್ಲಿ ಬರೆದು ಕೇಳುವಾಗ ಏನೇನು ಹೋಗಬೇಕು? ವರದಿ ಒಂದು ಸಾಲದೇ?

ಉತ್ತರ: ಸಾಲದು. ಒಂದೇ ಒಂದು ಪಿಎಸ್‌ಎ ಅಂಕಿಯನ್ನು ನಂಬಿ ಯಾವ ಯೂರಾಲಜಿಸ್ಟೂ ಸಾಮಾನ್ಯವಾಗಿ ಬಯಾಪ್ಸಿಗೆ (ಗ್ರಂಥಿಯ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ಹೊರಡುವುದಿಲ್ಲ. ಹಳೆಯ ಅಂಕಿಗಳಿದ್ದರೆ ತಾರೀಖಿನ ಸಮೇತ ಎಲ್ಲವೂ ಬೇಕು. ಐದು ವರ್ಷದಿಂದ 5ರ ಆಸುಪಾಸಿನಲ್ಲೇ ಇರುವುದು ಒಂದು ಕತೆ, ಎರಡು ವರ್ಷದಲ್ಲಿ 2ರಿಂದ 5.8ಕ್ಕೆ ಏರಿರುವುದು ಬೇರೆ ಕತೆ.

ಮುಂದಿನದು, ಅಂಕಿಯನ್ನು ಸುಳ್ಳಾಗಿ ಏರಿಸುವ ಕಾರಣಗಳು. ಮೂತ್ರದ ಸೋಂಕಾಗಿದ್ದರೆ ಅದು ವಾಸಿಯಾದ ಮೇಲೆ ಕನಿಷ್ಠ 6 ವಾರ ಬಿಟ್ಟು ಪಿಎಸ್‌ಎ ಮಾಡಿಸಬೇಕು. ಮೂತ್ರ ಕಟ್ಟಿಕೊಂಡು ಕ್ಯಾಥೆಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಿದ್ದರೂ ಕೆಲವು ವಾರ ತಡೆಯಬೇಕು. ವೀರ್ಯಸ್ಖಲನ ಮತ್ತು ದೂರದ ಸೈಕಲ್ ಸವಾರಿ ಎರಡನ್ನೂ ರಕ್ತ ಕೊಡುವ ಮುಂಚಿನ 48 ಗಂಟೆ ಬಿಡುವುದು ಒಳ್ಳೆಯದು. ಮರುಪರೀಕ್ಷೆ ಆದಷ್ಟೂ ಅದೇ ಲ್ಯಾಬಿನಲ್ಲಿ ಆಗಲಿ. ಲ್ಯಾಬಿಂದ ಲ್ಯಾಬಿಗೆ ಪರೀಕ್ಷಾ ವಿಧಾನ ಬದಲಾಗಿ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದೆ.

ಹೆಚ್ಚು ಅಪಾಯ ಇರುವುದು ಅಂಕಿಯನ್ನು ಸುಳ್ಳಾಗಿ ಇಳಿಸುವ ಮಾತ್ರೆಗಳಲ್ಲಿ. ಪ್ರಾಸ್ಟೇಟ್ ಕುಗ್ಗಿಸಲು ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಅನ್ನು ಆರು ತಿಂಗಳು, ವರ್ಷ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ತಂದೆಯವರು ಅದನ್ನು ನುಂಗುತ್ತಿದ್ದರೆ 5.8 ಅನ್ನು ಸರಿಸುಮಾರು 11.6 ಎಂದು ಓದಬೇಕು! ಕೂದಲು ಉದುರದಿರಲು ತೆಗೆದುಕೊಳ್ಳುವ 1 ಮಿಲಿಗ್ರಾಂ ಫಿನಾಸ್ಟರೈಡ್‌ಗೂ ಇದೇ ಗುಣವಿದೆ. ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯದವರು ಅನೇಕರು, ಆದ್ದರಿಂದ ಡಾಕ್ಟರು ಹೆಸರು ಹಿಡಿದೇ ಕೇಳಬೇಕು.

ಅಲ್ಟ್ರಾಸೌಂಡ್ ಆಗಿದ್ದರೆ ಪ್ರಾಸ್ಟೇಟ್ ಎಷ್ಟು ಮಿಲಿಲೀಟರ್ ಇದೆ ಎಂಬುದೂ ಹೋಗಲಿ. ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿದರೆ ಪಿಎಸ್‌ಎ ಡೆನ್ಸಿಟಿ ಸಿಗುತ್ತದೆ. 30 ಮಿಲಿ ಗ್ರಂಥಿಗೆ ಪಿಎಸ್‌ಎ 6 ಆದರೆ 0.20. ಅದೇ 6 ಅನ್ನು 80 ಮಿಲಿ ಗ್ರಂಥಿ ಸ್ರವಿಸಿದರೆ 0.075. 0.15ರ ಮೇಲಿದ್ದರೆ ಕ್ಯಾನ್ಸರ್ ಅನುಮಾನ ಹೆಚ್ಚು. ತಂದೆ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತೇ, ರೋಗಿಯ ಒಟ್ಟಾರೆ ಆರೋಗ್ಯ ಹೇಗಿದೆ ಎಂಬ ಎರಡು ಸಾಲು ಸೇರಿದರೆ ಮುಂದೆ ಎಂಆರ್‌ಐ ಬೇಕೇ, ಮರುಪರೀಕ್ಷೆ ಸಾಕೇ ಎಂದು ತಜ್ಞರು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ನಾನು ಪ್ರಾಥಮಿಕ ಹಂತದ ವೈದ್ಯ. ಇ-ಕನ್ಸಲ್ಟ್ ಕಳಿಸಿದಾಗಲೆಲ್ಲ "ಮಾಹಿತಿ ಸಾಲದು, ರೋಗಿಯನ್ನು ಕಳಿಸಿ" ಎಂದೇ ಉತ್ತರ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲು "ದಯವಿಟ್ಟು ಸಲಹೆ ನೀಡಿ" ಎಂದಿದ್ದರೆ ತಪ್ಪು ಅಲ್ಲೇ ಇದೆ. ಅದು ಪ್ರಶ್ನೆಯೇ ಅಲ್ಲ. ನೀವು ಯಾವ ತೀರ್ಮಾನದ ಮುಂದೆ ನಿಂತಿದ್ದೀರಿ ಎಂಬುದನ್ನು ಬರೆಯಬೇಕು. "ಮೂತ್ರದಲ್ಲಿ ರಕ್ತ, ಮುಂದೇನು?" ಎಂದು ಕೇಳಿದರೆ ತಜ್ಞರಿಗೆ ಸುರಕ್ಷಿತವಾದ ಉತ್ತರ ಒಂದೇ, ಕಳಿಸಿ ಎನ್ನುವುದು. ಅದೇ ರೋಗಿಯ ಬಗ್ಗೆ ಹೀಗೆ ಬರೆದು ನೋಡಿ:

"52 ವರ್ಷದ ಮಹಿಳೆ. ಬೇರೆ ಕಾರಣಕ್ಕೆ ಮಾಡಿಸಿದ ಮೂತ್ರಪರೀಕ್ಷೆಯಲ್ಲಿ ರಕ್ತದ ಅಂಶ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಹೈ ಪವರ್ ಫೀಲ್ಡಿಗೆ 6 ಕೆಂಪುಕಣ, 6 ವಾರದ ನಂತರ 8. ಮುಟ್ಟಿನ ದಿನಗಳಲ್ಲ. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಕಣ್ಣಿಗೆ ಕಾಣುವಂತೆ ರಕ್ತ ಎಂದೂ ಹೋಗಿಲ್ಲ. ಧೂಮಪಾನವಿಲ್ಲ. ಪ್ರೋಟೀನ್ ಇಲ್ಲ, ಕ್ರಿಯಾಟಿನಿನ್ 0.8 ಮಿಗ್ರಾಂ/ಡೆಸಿಲೀಟರ್, ರಕ್ತದೊತ್ತಡ 126/80. ರಕ್ತ ತೆಳುಮಾಡುವ ಔಷಧಿ ಇಲ್ಲ. ಕಿಡ್ನಿ ಮತ್ತು ಮೂತ್ರಕೋಶದ ಅಲ್ಟ್ರಾಸೌಂಡ್ ಸಹಜ, ವರದಿ ಲಗತ್ತಿಸಿದೆ. ಪ್ರಶ್ನೆ: ಇವರಿಗೆ ಸಿಸ್ಟೋಸ್ಕೋಪಿ ಬೇಕೇ, ಅಥವಾ ಆರು ತಿಂಗಳ ನಂತರ ಮೂತ್ರ ಮರುಪರೀಕ್ಷೆ ಸಾಕೇ?"

(ಕಲ್ಚರ್ ಎಂದರೆ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ. ಕ್ರಿಯಾಟಿನಿನ್ ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ. ಸಿಸ್ಟೋಸ್ಕೋಪಿ ಎಂದರೆ ಮೂತ್ರಕೋಶದೊಳಗೆ ಕ್ಯಾಮೆರಾ ಕೊಳವೆ ಹಾಯಿಸಿ ನೋಡುವುದು.) ಓದಲು ಒಂದು ನಿಮಿಷ ಸಾಕು, ಉತ್ತರಿಸಬಹುದಾದ ಪ್ರಶ್ನೆಯೂ ಇದೆ. ಇಲ್ಲಿನ ಒಂದೊಂದು ಸಾಲಿಗೂ ಕಾರಣವಿದೆ. ಮೂತ್ರದಲ್ಲಿ ಅದ್ದುವ ಡಿಪ್‌ಸ್ಟಿಕ್ ಪಟ್ಟಿ ಬಣ್ಣ ತಿರುಗಿದ ಮಾತ್ರಕ್ಕೆ ಮೂತ್ರದಲ್ಲಿ ರಕ್ತ ಇದೆ ಎನ್ನಲಾಗದು. ಸ್ನಾಯು ಜಜ್ಜಿಹೋದಾಗ ಬರುವ ಮಯೋಗ್ಲೋಬಿನ್‌ಗೂ ಅದು ಬಣ್ಣ ತಿರುಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಫೀಲ್ಡಿಗೆ (ಒಂದು ನೋಟಕ್ಕೆ ಕಾಣುವ ಜಾಗಕ್ಕೆ) 3 ಅಥವಾ ಹೆಚ್ಚು ಕೆಂಪುಕಣ ಕಂಡರೆ ಮಾತ್ರ ಲೆಕ್ಕ. ಪ್ರೋಟೀನ್ ಸೋರಿಕೆ, ಏರಿದ ಕ್ರಿಯಾಟಿನಿನ್ ಜೊತೆಗಿದ್ದರೆ ಮೂಲ ಕಿಡ್ನಿಯ ಜರಡಿಯಲ್ಲೇ ಇರಬಹುದು, ಆಗ ನೆಫ್ರಾಲಜಿಸ್ಟರನ್ನೂ (ಕಿಡ್ನಿ ತಜ್ಞರನ್ನೂ) ಕೇಳಬೇಕಾಗುತ್ತದೆ.

ಧೂಮಪಾನವನ್ನು "ಇದೆ" ಎಂದು ಬರೆದರೆ ಪ್ರಯೋಜನವಿಲ್ಲ. ಪ್ಯಾಕ್-ವರ್ಷದ ಲೆಕ್ಕದಲ್ಲಿ ಕೊಡಿ: ದಿನಕ್ಕೆ ಸೇದಿದ ಸಿಗರೇಟನ್ನು 20ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ದಿನಕ್ಕೆ 10ರಂತೆ 30 ವರ್ಷ ಸೇದಿದವರದು 15 ಪ್ಯಾಕ್-ವರ್ಷ. ಅಮೆರಿಕದ ಯೂರಾಲಜಿ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 10 ಮತ್ತು 30 ಪ್ಯಾಕ್-ವರ್ಷಗಳೇ ಕ್ಯಾನ್ಸರಿನ ಕಡಿಮೆ, ಮಧ್ಯಮ, ಹೆಚ್ಚು ಅಪಾಯದ ಗುಂಪುಗಳ ಗಡಿರೇಖೆ. ವಯಸ್ಸು ಮತ್ತು ಕೆಂಪುಕಣಗಳ ಸಂಖ್ಯೆಯೂ ಇದರ ಜೊತೆ ಸೇರುತ್ತವೆ. ರಕ್ತ ತೆಳುಮಾಡುವ ಔಷಧಿಯ ವಿಷಯ ಬರೆಯುವುದು ಒಳ್ಳೆಯದೇ, ಆದರೆ ಅದನ್ನೇ ಕಾರಣ ಮಾಡಿ ತನಿಖೆ ಬಿಡಬೇಡಿ. ಆ ಔಷಧಿ ತೆಗೆದುಕೊಳ್ಳುವವರನ್ನೂ ಉಳಿದವರಂತೆಯೇ ಪರೀಕ್ಷಿಸಬೇಕು.

ಲಗತ್ತುಗಳ ಬಗ್ಗೆ ಒಂದು ಮಾತು. ಎರಡು ಪುಟದ ವರದಿಯಲ್ಲಿ ಮೊದಲ ಪುಟ ಮಾತ್ರ ಸ್ಕ್ಯಾನ್ ಆಗಿರುವುದು, ತಾರೀಖು ಕತ್ತರಿಸಿ ಹೋಗಿರುವುದು, ಕ್ರಿಯಾಟಿನಿನ್‌ನ ಅಳತೆಯ ಮಾನ ನಮೂದಾಗದಿರುವುದು ದಿನನಿತ್ಯದ ಗೋಳು. ಕಳಿಸುವ ಗುಂಡಿ ಒತ್ತುವ ಮೊದಲು ಲಗತ್ತನ್ನು ನೀವೇ ಒಮ್ಮೆ ತೆರೆದು ನೋಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೂತ್ರ ಸರಾಗವಾಗಿ ಹೋಗುವುದಿಲ್ಲ, ರಾತ್ರಿ ನಾಲ್ಕು ಸಲ ಏಳುತ್ತಾರೆ. ಸ್ಕ್ಯಾನ್‌ನಲ್ಲಿ ಮೂತ್ರ ಮಾಡಿದ ನಂತರವೂ 210 ಮಿಲಿ ಉಳಿದಿದೆ ಎಂದಿದೆ. ಇ-ಕನ್ಸಲ್ಟ್‌ಗೆ ಬಂದ ಉತ್ತರದಲ್ಲಿ ಅದೇ ಸ್ಕ್ಯಾನ್ ಮತ್ತೆ ಮಾಡಿಸಿ, ಮೂರು ದಿನ ಮೂತ್ರ ಅಳೆದು ಬರೆದಿಡಿ ಎಂದಿದ್ದಾರೆ. ಇದೆಲ್ಲ ಯಾಕೆ?

ಉತ್ತರ: ಸ್ಕ್ಯಾನ್‌ಗೆ ಮುಂಚೆ ಲೀಟರ್‌ಗಟ್ಟಲೆ ನೀರು ಕುಡಿಸಿ, ಸರದಿ ಬರುವವರೆಗೆ ತಡೆದು ಕೂರಿಸುತ್ತಾರಲ್ಲ, ಅದೇ ಕಾರಣ. ಮೂತ್ರಕೋಶ ಮಿತಿಮೀರಿ ಹಿಗ್ಗಿದಾಗ ಅದರ ಸ್ನಾಯು ಸರಿಯಾಗಿ ಬಿಗಿಯಲಾರದು, ಆರೋಗ್ಯವಂತರಲ್ಲೂ ಮೂತ್ರ ಉಳಿಯುತ್ತದೆ. ಹೊರಗೆ ಜನ ಕಾಯುತ್ತಿದ್ದಾರೆಂಬ ಮುಜುಗರದಲ್ಲಿ ಅವಸರದಿಂದ ಎದ್ದು ಬಂದರೂ ಹೀಗೇ. ಮರುಸ್ಕ್ಯಾನ್‌ಗೆ ಹೋದಾಗ ಸಾಮಾನ್ಯವಾಗಿ ಅವಸರವಾಗುವಷ್ಟು ಮಾತ್ರ ಮೂತ್ರ ತುಂಬಲಿ, ನಿಧಾನವಾಗಿ ಮಾಡಿ ಬರಲಿ, ಕೂಡಲೇ ಅಳೆಯಲಿ. ಮೂತ್ರ ಮಾಡುವ ಮುಂಚೆ ಎಷ್ಟಿತ್ತು ಎಂಬ ಅಂಕಿಯೂ ವರದಿಯಲ್ಲಿ ಇರಬೇಕು. 700ರಲ್ಲಿ 210 ಉಳಿಯುವುದಕ್ಕೂ 300ರಲ್ಲಿ 210 ಉಳಿಯುವುದಕ್ಕೂ ಬಹಳ ಅಂತರವಿದೆ.

ಮೂರು ದಿನದ ಡೈರಿ ಬೇಡಿದ್ದು ರಾತ್ರಿಯ ನಾಲ್ಕು ಸಲಕ್ಕಾಗಿ. ಅಳತೆಯ ಗುರುತಿರುವ ಒಂದು ಪಾತ್ರೆ ಇಟ್ಟುಕೊಂಡು, ಪ್ರತಿ ಸಲವೂ ಗಂಟೆ ಮತ್ತು ಮಿಲಿಲೀಟರ್ ಬರೆಯಿರಿ. ಏನು ಕುಡಿದರು, ಎಷ್ಟು, ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಎಂಬುದೂ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೂತ್ರವನ್ನು ರಾತ್ರಿಯ ಲೆಕ್ಕಕ್ಕೇ ಸೇರಿಸಬೇಕು, ಇಲ್ಲಿ ಎಡವುವವರು ಬಹಳ ಜನ. ಹಿರಿಯರಲ್ಲಿ ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ತಯಾರಾಗುತ್ತಿದ್ದರೆ ತಪ್ಪು ಪ್ರಾಸ್ಟೇಟಿನದಲ್ಲದಿರಬಹುದು. ಕಾಲಿನ ಬಾವು, ಹೃದಯದ ದೌರ್ಬಲ್ಯ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸಂಜೆ ಹೊತ್ತು ನುಂಗುವ ಮೂತ್ರವರ್ಧಕ ಮಾತ್ರೆ ಇವುಗಳ ಕಡೆ ನೋಡಬೇಕಾಗುತ್ತದೆ. ಆಗ ಪ್ರಾಸ್ಟೇಟ್ ಮಾತ್ರೆ ಎಷ್ಟು ಕೊಟ್ಟರೂ ರಾತ್ರಿ ಏಳುವುದು ತಪ್ಪುವುದಿಲ್ಲ.

ಜೊತೆಗೆ ಮೂತ್ರದ ತೊಂದರೆ ಎಷ್ಟಿದೆ ಎಂದು ಅಳೆಯುವ ಐಪಿಎಸ್‌ಎಸ್ ಎಂಬ ಪ್ರಶ್ನಾವಳಿಯನ್ನೂ ತುಂಬಿಸಿರಬಹುದು. ಏಳು ಪ್ರಶ್ನೆ, ಒಟ್ಟು 35 ಅಂಕ. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಔಷಧಿ ಶುರುವಾದ ಮೇಲೆ ಮತ್ತೆ ತುಂಬಿಸಿದರೆ ಫಲ ಕಂಡಿತೋ ಇಲ್ಲವೋ ತಿಳಿಯುತ್ತದೆ. ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್‌ನ ಪರಿಣಾಮ ಕೆಲವು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ, ಫಿನಾಸ್ಟರೈಡ್‌ಗೆ ಆರು ತಿಂಗಳು ಬೇಕು. ಯಜಮಾನರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಟ್ಯಾಮ್ಸುಲೋಸಿನ್ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಅದು ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನು ಸಡಿಲಗೊಳಿಸಿ ಶಸ್ತ್ರಚಿಕಿತ್ಸೆಗೆ ತೊಡಕಾಗುತ್ತದೆ. ಶೀತಕ್ಕೆಂದು ತಾವಾಗಿ ಕೊಂಡು ನುಂಗುವ ಮಾತ್ರೆಗಳನ್ನೂ ತಿಳಿಸಿ. ಮೂಗು ಕಟ್ಟಿದ್ದು ಬಿಡಿಸುವ ಕೆಲವು ಔಷಧಿಗಳು ಮೂತ್ರವನ್ನೇ ಕಟ್ಟಿಸಿಬಿಡುತ್ತವೆ.

ಪ್ರಶ್ನೆ: ಯಾವುದನ್ನು ಇ-ಕನ್ಸಲ್ಟ್‌ನಲ್ಲಿ ಕೇಳಲೇಬಾರದು?

ಉತ್ತರ: ಉತ್ತರ ಬರಲು ಒಂದೆರಡು ದಿನ, ಕೆಲವೊಮ್ಮೆ ವಾರ ಹಿಡಿಯುತ್ತದೆ. ಅಷ್ಟು ಕಾಯಲಾಗದ್ದು ಯಾವುದೂ ಇಲ್ಲಿಗೆ ಬರಕೂಡದು. ಹುಡುಗನಿಗೋ ಯುವಕನಿಗೋ ವೃಷಣದಲ್ಲಿ ಇದ್ದಕ್ಕಿದ್ದಂತೆ ನೋವೆದ್ದರೆ ವೃಷಣ ತಿರುಚಿಕೊಂಡಿರಬಹುದು. ಉಳಿಸಿಕೊಳ್ಳಲು ಇರುವ ಸಮಯ ಸುಮಾರು 6 ಗಂಟೆ, ಸ್ಕ್ಯಾನ್‌ಗೆಂದು ಅದನ್ನು ಕಳೆಯಲೂಬಾರದು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಪೂರ್ತಿ ನಿಂತುಹೋದರೆ, ಶಿಶ್ನದ ನಿಮಿರುವಿಕೆ 4 ಗಂಟೆ ದಾಟಿದರೂ ಇಳಿಯದಿದ್ದರೆ, ಬೆನ್ನುನೋವಿನ ಜೊತೆ ಮೂತ್ರ ಕಟ್ಟಿ ತೊಡೆಸಂದು ಮರಗಟ್ಟಿದರೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ ಹೋದದ್ದು ಮತ್ತು ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಡ್ಡೆ, ಇವೆರಡು ಬೇರೆ ಜಾತಿ. ತುರ್ತು ವಿಭಾಗಕ್ಕೆ ಓಡಬೇಕಿಲ್ಲ, ಆದರೆ ಬರೆದು ಕೇಳುವುದಕ್ಕೂ ಏನೂ ಇಲ್ಲ. ಉತ್ತರ "ಕಳಿಸಿ" ಎಂದೇ ಇರುತ್ತದೆ. ಮೊದಲೇ ತಜ್ಞರ ಬಳಿ ದಿನ ಗೊತ್ತುಮಾಡಿ. ರಕ್ತ ಒಂದೇ ಸಲ ಹೋಗಿ ತಾನಾಗಿ ನಿಂತಿತು ಎಂಬ ಸಮಾಧಾನವೇ ಮೂತ್ರಕೋಶದ ಕ್ಯಾನ್ಸರ್ ಪತ್ತೆ ತಡವಾಗಲು ಒಂದು ದೊಡ್ಡ ಕಾರಣ.

ಪ್ರಶ್ನೆ: ಡಾಕ್ಟರು ನನ್ನ ಗುಪ್ತಾಂಗದ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಪರಿಚಯದ ಯೂರಾಲಜಿಸ್ಟ್‌ಗೆ ಕಳಿಸುತ್ತೇನೆ ಎಂದರು. ಒಪ್ಪಬಹುದೇ?

ಉತ್ತರ: ಫೋಟೊ ನಿಜಕ್ಕೂ ಬೇಕೇ ಎಂದು ಮೊದಲು ಕೇಳಿ. ಚರ್ಮದ ಗುಳ್ಳೆ, ಹುಣ್ಣು, ಮುಂದೊಗಲಿನ ತೊಂದರೆಗಳಲ್ಲಿ ಅದು ನೆರವಾಗುತ್ತದೆ. ವೃಷಣದ ಬಾವಿಗೆ ಏನೂ ಪ್ರಯೋಜನವಿಲ್ಲ, ಅಲ್ಲಿ ಬೇಕಾದದ್ದು ಕೈಯ ಸ್ಪರ್ಶ ಮತ್ತು ಅಲ್ಟ್ರಾಸೌಂಡ್. ಬೇಕೇ ಆದರೆ ಆಸ್ಪತ್ರೆಯ ತಂತ್ರಾಂಶದೊಳಗೇ ತೆಗೆದು ಅಲ್ಲೇ ಉಳಿಸಲಿ. ಸ್ವಂತ ಫೋನಿನಲ್ಲಿ ತೆಗೆದ ಚಿತ್ರ ಗ್ಯಾಲರಿಗೂ ಅಲ್ಲಿಂದ ಬ್ಯಾಕಪ್‌ಗೂ ತಾನಾಗಿ ಹೋಗಿ ಕೂರುತ್ತದೆ. ವಾಟ್ಸ್ಆ್ಯಪ್ ಸಲಹೆಯ ಇನ್ನೊಂದು ದೋಷವೆಂದರೆ ಅದು ನಿಮ್ಮ ಕಡತಕ್ಕೆ ಸೇರುವುದಿಲ್ಲ. ಆರು ತಿಂಗಳ ಮೇಲೆ ಬೇರೆ ಡಾಕ್ಟರು ನೋಡಿದರೆ ಆ ಮಾತುಕತೆಯ ಸುಳಿವೇ ಸಿಗದು. ಬೇಡ ಎನ್ನುವ ಹಕ್ಕು ನಿಮಗಿದೆ, ಹಾಗೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಬಾರದು.

ಪ್ರಶ್ನೆ: ನಾನು ಕ್ಲಿನಿಕ್ಕಿನಲ್ಲಿ ನರ್ಸ್. ತಜ್ಞರು "ಮೂರು ತಿಂಗಳ ನಂತರ ಪಿಎಸ್‌ಎ ಮತ್ತೆ ಮಾಡಿಸಿ" ಎಂದು ಬರೆದಿರುತ್ತಾರೆ. ಅದನ್ನು ಮಾಡಿಸುವ ಹೊಣೆ ಯಾರದ್ದು?

ಉತ್ತರ: ಪ್ರಶ್ನೆ ಕಳಿಸಿದ ವೈದ್ಯರದ್ದು. ತಜ್ಞರು ಕೊಟ್ಟದ್ದು ಸಲಹೆ ಮಾತ್ರ. ಪರೀಕ್ಷೆ ಬರೆಯುವುದು, ಫಲಿತಾಂಶ ನೋಡುವುದು, ರೋಗಿಗೆ ಹೇಳುವುದು ಎಲ್ಲವೂ ಚಿಕಿತ್ಸೆ ನೀಡುತ್ತಿರುವವರ ಪಾಲಿನದು. ಇ-ಕನ್ಸಲ್ಟ್‌ನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಜಾಗದಲ್ಲೇ. ತಜ್ಞರು ಬರೆದಾಯಿತು ಎಂದುಕೊಳ್ಳುತ್ತಾರೆ, ವೈದ್ಯರು ಓದಿಯಾಯಿತು ಎಂದುಕೊಳ್ಳುತ್ತಾರೆ, ರೋಗಿ "ಏನಾದರೂ ಇದ್ದಿದ್ದರೆ ಫೋನ್ ಬರುತ್ತಿತ್ತು" ಎಂದು ಸುಮ್ಮನಿರುತ್ತಾರೆ.

ಉತ್ತರ ಬಂದ ದಿನವೇ ಮಾಡಬೇಕಾದದ್ದು ಇಷ್ಟು. ಅದನ್ನು ರೋಗಿಯ ಕಡತಕ್ಕೆ ಸೇರಿಸಿ. ರೋಗಿಗೆ ಫೋನ್ ಮಾಡಿ ತಿಳಿಸಿ, ತಿಳಿಸಿದ್ದನ್ನು ತಾರೀಖು ಹಾಕಿ ಬರೆಯಿರಿ. ಮೂರು ತಿಂಗಳ ನಂತರದ ಪರೀಕ್ಷೆಯ ಚೀಟಿಯನ್ನು ಇವತ್ತೇ ಬರೆಸಿ, ಕಂಪ್ಯೂಟರಿನಲ್ಲಿ ಜ್ಞಾಪನೆ ಇಡಿ. ಆ ಜ್ಞಾಪನೆಗೆ ಒಬ್ಬರ ಹೆಸರು ಇರಲಿ, "ಸಿಬ್ಬಂದಿ" ಎಂದಿದ್ದರೆ ಯಾರೂ ನೋಡುವುದಿಲ್ಲ. ತಜ್ಞರ ಕಡೆಯಿಂದಲೂ ಒಂದು ಸುಧಾರಣೆ ಆಗಬೇಕು. "ಮತ್ತೆ ಮಾಡಿಸಿ" ಎಂದು ಬಿಡುವ ಬದಲು ಎಷ್ಟರ ಒಳಗಿದ್ದರೆ ವರ್ಷಕ್ಕೊಮ್ಮೆ ಸಾಕು, ಎಷ್ಟು ದಾಟಿದರೆ ಕಳಿಸಬೇಕು ಎಂದು ಅಂಕಿ ಸಮೇತ ಬರೆದರೆ ಎರಡನೇ ಇ-ಕನ್ಸಲ್ಟ್‌ನ ಅಗತ್ಯವೇ ಬೀಳುವುದಿಲ್ಲ. ಹಾಗೆ ಬರೆಯದಿದ್ದರೆ ನಿಮ್ಮ ಡಾಕ್ಟರು ಮರುಪ್ರಶ್ನೆ ಹಾಕಲು ಸಂಕೋಚಪಡಬೇಕಿಲ್ಲ.

ಪ್ರಶ್ನೆ: ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಆಗಿದೆ, ಪ್ರತಿ ಸಲವೂ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆ. ನಾನು 58 ವರ್ಷದ ಮಹಿಳೆ. ಇದನ್ನು ಇ-ಕನ್ಸಲ್ಟ್‌ನಲ್ಲಿ ಕೇಳಬಹುದೇ?

ಉತ್ತರ: ಕೇಳಬಹುದು. ಆರು ತಿಂಗಳಲ್ಲಿ 2 ಅಥವಾ ವರ್ಷದಲ್ಲಿ 3 ಸಲ ಸೋಂಕಾದರೆ ಪದೇ ಪದೇ ಬರುವ ಸೋಂಕು ಎನ್ನುತ್ತಾರೆ. ಆದರೆ ತಜ್ಞರು ಮೊದಲು ಕೇಳುವುದು ಕಲ್ಚರ್ ವರದಿಗಳನ್ನು. ನಾಲ್ಕರಲ್ಲಿ ಎಷ್ಟು ಸಲ ರೋಗಾಣು ಬೆಳೆದಿದೆ, ಯಾವುದು, ಯಾವ ಔಷಧಿಗೆ ಬಗ್ಗುತ್ತದೆ? ಕಲ್ಚರ್ ಮಾಡಿಸದೆ ಔಷಧಿ ಕೊಟ್ಟಿದ್ದರೆ ಮುಂದಿನ ಸಲ ಉರಿ ಶುರುವಾದಾಗ ಮೊದಲ ಮಾತ್ರೆಗೆ ಮುಂಚೆಯೇ ಮಾದರಿ ಕೊಡಿ. ಉರಿಯಿಲ್ಲ, ಜ್ವರವಿಲ್ಲ, ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಇದೆ ಎಂದರೆ ಗರ್ಭಿಣಿಯರನ್ನೂ ಮೂತ್ರಮಾರ್ಗದ ಕೆಲವು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರನ್ನೂ ಬಿಟ್ಟು ಉಳಿದವರಿಗೆ ಔಷಧಿ ಬೇಕಿಲ್ಲ. ನಿಮ್ಮ ವಯಸ್ಸಿನಲ್ಲಿ, ಮುಟ್ಟು ನಿಂತಿದ್ದರೆ, ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮಿನಿಂದ ಸೋಂಕು ಮರುಕಳಿಸುವುದು ಕಡಿಮೆಯಾಗುತ್ತದೆ. ಇದನ್ನು ತಜ್ಞರು ಬರೆದು ತಿಳಿಸಿದರೆ ಸಾಕು, ಕುಟುಂಬ ವೈದ್ಯರೇ ಕೊಡಬಹುದು. ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ ಮೊದಲೇ ಹೇಳಿ.

ಪ್ರಶ್ನೆ: ಮೊಮ್ಮಗನಿಗೆ 8 ತಿಂಗಳು. ಒಂದು ವೃಷಣ ಕೆಳಗೆ ಇಳಿದಿಲ್ಲ. ತಜ್ಞರಿಗೆ ಬರೆಯುವ ಮೊದಲು ಸ್ಕ್ಯಾನ್ ಮಾಡಿಸಿಬಿಡಬೇಕೇ?

ಉತ್ತರ: ಬೇಡಮ್ಮ. ಇಳಿಯದ ವೃಷಣ ಎಲ್ಲಿದೆ ಎಂದು ಅಲ್ಟ್ರಾಸೌಂಡ್ ಖಚಿತವಾಗಿ ಹೇಳಲಾರದು, ಸ್ಕ್ಯಾನ್‌ನಲ್ಲಿ ಕಾಣಲಿಲ್ಲವೆಂದರೆ ಅದು ಇಲ್ಲವೆಂದೂ ಅರ್ಥವಲ್ಲ. ತಾನಾಗಿ ಇಳಿಯುವುದಿದ್ದರೆ ಮೊದಲ 6 ತಿಂಗಳಲ್ಲೇ ಇಳಿಯುತ್ತದೆ, ಆಮೇಲೆ ಅಪರೂಪ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ತಿಂಗಳು ಎಣಿಸಿ. ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸುವಾಗ ಚೀಲದೊಳಗೆ ಬಂದು, ಚಳಿಗೆ ಮೇಲೆ ಸರಿಯುತ್ತಿದೆಯೇ ನೋಡಿ. ಹಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಅದು ಬೇರೆಯೇ ಸ್ಥಿತಿ, ಶಸ್ತ್ರಚಿಕಿತ್ಸೆ ಬೇಕಾಗುವುದು ಕಡಿಮೆ, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ಒಮ್ಮೆಯೂ ಇಳಿದು ಬರುತ್ತಿಲ್ಲವಾದರೆ ಮಕ್ಕಳ ಯೂರಾಲಜಿಸ್ಟ್ ಅಥವಾ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಈಗಲೇ ನೇರವಾಗಿ ಕಾಣಿ. ಶಸ್ತ್ರಚಿಕಿತ್ಸೆ 18 ತಿಂಗಳೊಳಗೆ ಮುಗಿದಿರಬೇಕು.